ತರಕಾರಿ ಸಾರದ ಕ್ಯಾಪ್ಸೂಲ್ ಕೊಳ್ಳುವ ಮೊದಲು

ತರಕಾರಿ ಸಾರದಿಂದ ಬೊಜ್ಜು ತಡೆಯಬಹುದು ಅನ್ನೋದು ಸುಮ್ನೆ ಹುಟ್ಟಿದ ಮಾತಲ್ಲ. 2017ರಲ್ಲಿ ಜಪಾನಿನ ಕನಜಾವಾ ವಿಶ್ವವಿದ್ಯಾಲಯದ ಸಂಶೋಧಕರು, ಕೊಬ್ಬು ಜಾಸ್ತಿ ಇರುವ ಆಹಾರ ತಿನ್ನುತ್ತಿದ್ದ ಇಲಿಗಳಿಗೆ ಬ್ರೊಕೋಲಿ ಮೊಳಕೆಯ ಸಾರ ಕೊಟ್ಟು ನೋಡಿದರು. ಅದೇ ಆಹಾರ ತಿಂದ ಉಳಿದ ಇಲಿಗಳಿಗಿಂತ ಇವುಗಳ ತೂಕ ಏರುವ ವೇಗ ಸುಮಾರು 15% ಕಡಿಮೆ ಇತ್ತು, ಲಿವರ್‌ನಲ್ಲಿ ಕೂಡಿದ ಕೊಬ್ಬೂ ಕಡಿಮೆ. ಆದರೆ ಇದು ಇಲಿಗಳ ಮಾತು. ಮನುಷ್ಯರಿಗೆ ಇದರಿಂದ ತೂಕ ಇಳಿಯುತ್ತದೆ ಅಂತ ಖಚಿತವಾಗಿ ಹೇಳುವಷ್ಟು ಪುರಾವೆ ಇಲ್ಲ.

ಹಾಗಾಗಿ ನನ್ನ ಸಲಹೆ, ದುಡ್ಡನ್ನು ತರಕಾರಿಗೇ ಹಾಕಿ. ನಾರು ಸಿಗುತ್ತದೆ, ಹೊಟ್ಟೆ ತುಂಬುತ್ತದೆ, ಕ್ಯಾಪ್ಸೂಲಿನಲ್ಲಿ ಅದೆರಡೂ ಇಲ್ಲ ಅಲ್ವಾ? ಬ್ರೊಕೋಲಿಯಿಂದ ಒಳ್ಳೆಯದಾಗುತ್ತದೆ ಅನ್ನುವಾಗ ಮುಖ್ಯವಾಗಿ ಹೆಸರಿಸುವ ಸಲ್ಫೊರಾಫೇನ್ ಅನ್ನೋ ಅಂಶ ಅದರಲ್ಲಿ ಸಿದ್ಧವಾಗಿ ಕೂತಿರುವುದಿಲ್ಲ, ಹೆಚ್ಚಿದಾಗ ಅಥವಾ ಅಗಿದಾಗ ಮೈರೋಸಿನೇಸ್ ಅನ್ನೋ ಕಿಣ್ವದಿಂದ ಹುಟ್ಟುತ್ತದೆ, ಜಾಸ್ತಿ ಕುದಿಸಿದರೆ ಆ ಕಿಣ್ವವೇ ಹಾಳು. ಸಣ್ಣಗೆ ಹೆಚ್ಚಿ ಅರ್ಧ ಗಂಟೆ ಹಾಗೇ ಬಿಡಿ. ಆಮೇಲೆ ಹಬೆಯಲ್ಲಿ 3-4 ನಿಮಿಷ ಬೇಯಿಸಿ, ಹಸಿರು ಬಣ್ಣ ಮಾಸುವ ಮೊದಲೇ ಇಳಿಸಿ. ಜಾಸ್ತಿ ಬೆಂದುಹೋಯಿತಾ? ಚಿಟಿಕೆ ಹಸಿ ಸಾಸಿವೆ ಪುಡಿ ಉದುರಿಸಿ, ಅದರಲ್ಲೂ ಇದೇ ಕಿಣ್ವ ಇದೆ.

ಒಂದು ವಿಷಯ ಮಾತ್ರ ದಯವಿಟ್ಟು ಗಮನಿಸಿ. ಗಿಡಮೂಲದ್ದು ಅಂದ ಮಾತ್ರಕ್ಕೆ ಸಾರ ಸುರಕ್ಷಿತ ಅಲ್ಲ. ತೂಕ ಇಳಿಸಲು ಮಾರುವ ಗ್ರೀನ್ ಟೀ ಸಾರವನ್ನು ಜಾಸ್ತಿ ಪ್ರಮಾಣದಲ್ಲಿ ತಗೊಂಡು ಲಿವರ್‌ಗೆ ಪೆಟ್ಟು ಬಿದ್ದವರಿದ್ದಾರೆ. ರಕ್ತ ತೆಳುಮಾಡುವ ಮಾತ್ರೆ ಅಥವಾ ಸಕ್ಕರೆ ಕಾಯಿಲೆ ಮಾತ್ರೆ ತಗೊಳ್ಳುವವರು ಡಾಕ್ಟರನ್ನು ಕೇಳದೆ ಯಾವ ಸಾರವನ್ನೂ ಶುರು ಮಾಡಬೇಡಿ. ಈಗಾಗಲೇ ತಗೊಳ್ಳುತ್ತಿದ್ದು ಕಣ್ಣು ಹಳದಿಯಾದರೆ ಅಥವಾ ಮೂತ್ರ ಕಡುಬಣ್ಣಕ್ಕೆ ತಿರುಗಿದರೆ ಅವತ್ತೇ ನಿಲ್ಲಿಸಿ, ಡಬ್ಬಿಯನ್ನೂ ಹಿಡಿದುಕೊಂಡು ಡಾಕ್ಟರ ಹತ್ತಿರ ಹೋಗಿ.