ದೂರದ ಓಟ, ಸೈಕ್ಲಿಂಗ್, ಟ್ರಯಥ್ಲಾನ್: ಕೋಚ್ ಆರಿಸಿಕೊಳ್ಳುವ ಮುನ್ನ

ಮ್ಯಾರಥಾನ್, ದೂರದ ಸೈಕ್ಲಿಂಗ್ ಅಥವಾ (ಈಜು, ಸೈಕ್ಲಿಂಗ್, ಓಟ ಮೂರೂ ಸೇರಿದ) ಟ್ರಯಥ್ಲಾನ್‌ಗೆ ಕೋಚ್ ಹುಡುಕುವವರು ಸಾಮಾನ್ಯವಾಗಿ ಮೊದಲು ವಿಚಾರಿಸುವುದು ಆ ವ್ಯಕ್ತಿ ಗೆದ್ದ ಪದಕಗಳನ್ನು ಮತ್ತು ಓಡಿದ ಸಮಯವನ್ನು. ವಿಚಾರಿಸುವುದು ತಪ್ಪಲ್ಲ, ಆದರೆ ಅಷ್ಟೇ ಸಾಲದು. ತಾನು ವೇಗವಾಗಿ ಓಡಬಲ್ಲವರಿಗೆ ಇನ್ನೊಬ್ಬರ ದಣಿವನ್ನು ಗುರುತಿಸುವ ಕಣ್ಣು ತಾನಾಗಿ ಬಂದಿರುವುದಿಲ್ಲ. ಆದ್ದರಿಂದ ಮೊದಲ ಭೇಟಿಯಲ್ಲಿ ಕೋಚ್ ಏನು ಹೇಳುತ್ತಾರೆ ಎಂಬುದಕ್ಕಿಂತ ಏನು ಕೇಳುತ್ತಾರೆ ಎಂಬುದನ್ನು ಗಮನಿಸಬೇಕು.

ಹಳೆಯ ಗಾಯಗಳು, ನಿದ್ದೆ, ಕೆಲಸದ ವೇಳೆ, ಸೇವಿಸುತ್ತಿರುವ ಔಷಧಿ, ಕುಟುಂಬದಲ್ಲಿ ಹೃದ್ರೋಗ ಇದೆಯೇ ಎಂಬ ವಿವರ, ಕಳೆದ ಕೆಲವು ವಾರಗಳಲ್ಲಿ ನಿಜವಾಗಿ ಮಾಡಿದ ಅಭ್ಯಾಸದ ಪ್ರಮಾಣ: ಇವುಗಳನ್ನು ಕೇಳದೆಯೇ ಕೈಗೆ ವೇಳಾಪಟ್ಟಿ ಕೊಡುವವರು ಅದನ್ನು ಎಲ್ಲರಿಗೂ ಕೊಡುತ್ತಿರುವ ಸಾಧ್ಯತೆ ಹೆಚ್ಚು.

ನಂತರ ನಿಮ್ಮ ಸರದಿ. ವಾರದ ಅಭ್ಯಾಸದಲ್ಲಿ ಎಷ್ಟು ಭಾಗ ನಿಧಾನವಾಗಿರುತ್ತದೆ, ಏಕೆ ಎಂದು ಕೇಳಿ. ಉನ್ನತ ಮಟ್ಟದ ದೂರದ ಓಟಗಾರರು ತಮ್ಮ ಅಭ್ಯಾಸದ ಸುಮಾರು ಶೇ. 80ರಷ್ಟನ್ನು ಮಾತನಾಡುತ್ತಾ ಓಡಬಹುದಾದ ವೇಗದಲ್ಲೇ ಮಾಡುತ್ತಾರೆ. ಸ್ನಾಯುಗಳಲ್ಲಿ ಸೂಕ್ಷ್ಮ ರಕ್ತನಾಳಗಳು ಹೆಚ್ಚುವುದು, ದೇಹ ಕೊಬ್ಬನ್ನು ಇಂಧನವಾಗಿ ಚೆನ್ನಾಗಿ ಬಳಸಲು ಕಲಿಯುವುದು ಬಹುಮಟ್ಟಿಗೆ ಇಂತಹ ಅಭ್ಯಾಸದಿಂದಲೇ. ನ್ಯೂಜಿಲೆಂಡಿನ ಕೋಚ್ ಆರ್ಥರ್ ಲಿಡಿಯಾರ್ಡ್ 800 ಮೀಟರ್ ಓಟಗಾರನಿಗೂ ವಾರಕ್ಕೆ ಸುಮಾರು 160 ಕಿ.ಮೀ. ಓಡಿಸುತ್ತಿದ್ದರು. 1960ರ ರೋಮ್ ಒಲಿಂಪಿಕ್ಸ್‌ನಲ್ಲಿ ಅವರ ಶಿಷ್ಯರಾದ ಪೀಟರ್ ಸ್ನೆಲ್ 800 ಮೀಟರ್‌ನಲ್ಲೂ ಮರ್ರಿ ಹಾಲ್‌ಬರ್ಗ್ 5000 ಮೀಟರ್‌ನಲ್ಲೂ ಒಂದೇ ದಿನ ಚಿನ್ನ ಗೆದ್ದರು. ಆ ದೂರವನ್ನು ಹಾಗೆಯೇ ಎತ್ತಿ, ದಿನವಿಡೀ ಕುರ್ಚಿಯಲ್ಲಿ ಕೂತು ದುಡಿಯುವವರ ಮೇಲೆ ಹೇರುವ ಕೋಚ್ ಲಿಡಿಯಾರ್ಡ್‌ರ ಸಂಖ್ಯೆಯನ್ನಷ್ಟೇ ಕಲಿತಿದ್ದಾರೆ, ಅದರ ಹಿಂದಿನ ತರ್ಕವನ್ನಲ್ಲ. ಹೃದಯ ಬಡಿತದ ಮಿತಿಗಳ ವಿಷಯವೂ ಹೀಗೆಯೇ. ಗರಿಷ್ಠ ಹೃದಯ ಬಡಿತವನ್ನು ತಿಳಿಯಲು 220ರಿಂದ ವಯಸ್ಸನ್ನು ಕಳೆಯುವ ಸೂತ್ರ ಸರಾಸರಿ ಅಂದಾಜು ಮಾತ್ರ, ಒಬ್ಬ ವ್ಯಕ್ತಿಯ ಮಟ್ಟಿಗೆ ಅದು ಹತ್ತಕ್ಕೂ ಹೆಚ್ಚು ಬಡಿತಗಳಷ್ಟು ತಪ್ಪಬಹುದು. ಓಡಿಸಿ ಅಥವಾ ಸೈಕಲ್ ತುಳಿಸಿ ಪರೀಕ್ಷಿಸಿದ ಮೇಲೆ ಮಿತಿ ನಿಗದಿಪಡಿಸುವವರು ಹೆಚ್ಚು ನಂಬಲರ್ಹರು.

ಜ್ವರ ಬಂದು ಒಂದು ವಾರ ಅಭ್ಯಾಸ ತಪ್ಪಿದರೆ ಏನು ಮಾಡಬೇಕೆಂಬ ಪ್ರಶ್ನೆಯನ್ನು ಮರೆಯದೆ ಕೇಳಿ. ತಪ್ಪಿದ ಕಿಲೋಮೀಟರ್‌ಗಳನ್ನು ಮುಂದಿನ ವಾರ ಸೇರಿಸಿ ಓಡಿ ಎಂಬ ಉತ್ತರ ಬಂದರೆ ನನ್ನ ಮಟ್ಟಿಗೆ ಆ ಮಾತುಕತೆ ಅಲ್ಲಿಗೇ ಮುಗಿಯುತ್ತದೆ. ಯೋಜನೆಯನ್ನು ಬದಲಿಸುವುದೇ ಕೋಚ್‌ನ ನಿಜವಾದ ಕೆಲಸ. ಬದಲಾಗದ ಯೋಜನೆ ಬೇಕಿದ್ದರೆ ಅದು ಪುಸ್ತಕಗಳಲ್ಲೂ ಸಿಗುತ್ತದೆ.

ತೂಕದ ಬಗ್ಗೆ ಅವರು ಮಾತನಾಡುವ ರೀತಿಗೆ ವಿಶೇಷವಾಗಿ ಕಿವಿಗೊಡಿ. ಶ್ರಮಕ್ಕೆ ತಕ್ಕಷ್ಟು ಆಹಾರ ಸಿಗದಿದ್ದರೆ ಹಾರ್ಮೋನುಗಳು, ಮೂಳೆಗಳು, ರೋಗನಿರೋಧಕ ಶಕ್ತಿ ಎಲ್ಲವೂ ಕುಂದುತ್ತವೆ. ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ 2014ರಲ್ಲಿ ಈ ಸ್ಥಿತಿಗೆ ಪ್ರತ್ಯೇಕ ಹೆಸರನ್ನೇ ಕೊಟ್ಟಿತು. ಇದು ಪುರುಷರನ್ನೂ ಕಾಡುತ್ತದೆ. ಮುಟ್ಟು ನಿಂತರೆ ಅದನ್ನು ಒಳ್ಳೆಯ ತರಬೇತಿಯ ಲಕ್ಷಣವೆನ್ನುವ ಕೋಚ್‌ನನ್ನು ತಕ್ಷಣ ಬಿಡಬೇಕು, ವೈದ್ಯರನ್ನು ಕಾಣಬೇಕು. ತಾವೇ ಪೂರಕ ಪುಡಿಗಳನ್ನು ಮಾರುವವರ ವಿಷಯದಲ್ಲೂ ಎಚ್ಚರ ಅಗತ್ಯ, ಏಕೆಂದರೆ ನಿಷೇಧಿತ ವಸ್ತು ದೇಹದಲ್ಲಿ ಪತ್ತೆಯಾದರೆ, ಕೊಟ್ಟವರು ಯಾರೇ ಆಗಿರಲಿ, ಹೊಣೆ ಕ್ರೀಡಾಪಟುವಿನದೇ.

ಪ್ರಮಾಣಪತ್ರ ಇರಲಿ, ಪ್ರಥಮ ಚಿಕಿತ್ಸೆ ತಿಳಿದಿರಲಿ. ಓಟದ ಯೋಜನೆಯನ್ನು ಆನ್‌ಲೈನ್‌ನಲ್ಲಿ ಪಡೆಯಬಹುದು, ಆದರೆ ಈಜನ್ನು ಹೊಸದಾಗಿ ಕಲಿಯುವವರಿಗೆ ಕೊಳದ ದಡದಲ್ಲಿ ನಿಂತು ಕೈಚಲನೆಯನ್ನು ತಿದ್ದುವವರು ಬೇಕು. ಕೋಚ್ ಹೆಸರಿಸುವ ಯಶಸ್ವಿ ಶಿಷ್ಯರ ಜೊತೆಗೆ, ಅವರನ್ನು ಬಿಟ್ಟುಹೋದವರನ್ನೂ ಸಾಧ್ಯವಾದರೆ ಮಾತನಾಡಿಸಿ. ಗಾಯಗಳ ಕಥೆ ಹೊರಬರುವುದು ಸಾಮಾನ್ಯವಾಗಿ ಅಲ್ಲಿಂದಲೇ.

ಮೊದಲು ಮೂರು ತಿಂಗಳಿಗಷ್ಟೇ ಒಪ್ಪಿಕೊಳ್ಳುವುದು ಲೇಸು. ದೇಹ ಹೊಸ ಅಭ್ಯಾಸಕ್ಕೆ ಹೊಂದಿಕೊಳ್ಳಲು ಹಲವು ವಾರಗಳು ಬೇಕಾಗುವುದರಿಂದ ಅದಕ್ಕಿಂತ ಮುಂಚೆ ತೀರ್ಮಾನಿಸುವುದು ನ್ಯಾಯವಲ್ಲ. ಶುಲ್ಕದಲ್ಲಿ ಏನೇನು ಸೇರಿದೆ, ಸಂದೇಶಗಳಿಗೆ ಎಷ್ಟು ದಿನದೊಳಗೆ ಉತ್ತರ ಬರುತ್ತದೆ, ಮಧ್ಯದಲ್ಲಿ ನಿಲ್ಲಿಸಿದರೆ ಹಣದ ಲೆಕ್ಕ ಹೇಗೆ ಎಂಬುದನ್ನು ಬರಹದಲ್ಲಿ ಪಡೆಯಿರಿ. ಅಭ್ಯಾಸದ ದಾಖಲೆಗಳು ನಿಮ್ಮ ಖಾತೆಯಲ್ಲೇ ಉಳಿಯುವಂತೆಯೂ ನೋಡಿಕೊಳ್ಳಿ.