ಮರಾಠಿಯ ‘ಕಾಲ್’ ನಾಳೆಯಲ್ಲ: ಹೊಳೆನೀರಿನ ಗಾಳಿಸುದ್ದಿ ಸೋಸುವ ಬಗೆ

ಆಗಸ್ಟ್ ಬಂತೆಂದರೆ ಚಿಕ್ಕೋಡಿ, ರಾಯಬಾಗ, ಅಥಣಿ ಕಡೆಯ ವಾಟ್ಸ್‌ಆ್ಯಪ್ ಗುಂಪುಗಳಿಗೆ ಕೃಷ್ಣೆಗಿಂತ ಮೊದಲೇ ಮಹಾಪೂರ ಬರುತ್ತದೆ. ನೀರು ಬರುವುದು ಮಹಾರಾಷ್ಟ್ರದಿಂದ, ಅದರ ಲೆಕ್ಕ ಹೊರಡುವುದು ಮರಾಠಿಯಲ್ಲಿ. ಕನ್ನಡಕ್ಕೆ ಇಳಿಯುವ ದಾರಿಯಲ್ಲೇ ಅರ್ಧ ಸುಳ್ಳು ಹುಟ್ಟಿಕೊಳ್ಳುತ್ತದೆ. ಹಾಗಾಗಿ ಕನ್ನಡದ ಸಂದೇಶ ಬಂದರೂ ನಾನು ಹುಡುಕುವುದು ಮರಾಠಿಯಲ್ಲಿ. ಕೀಬೋರ್ಡ್ ಬದಲಿಸಿ, ದೇವನಾಗರಿಯಲ್ಲೇ ‘ಕೋಯನಾ ಧರಣ ವಿಸರ್ಗ’ ಎಂದು ಹೊಡೆದು, ಕಳೆದ 24 ತಾಸಿನ ಸುದ್ದಿ ಮಾತ್ರ ನೋಡುತ್ತೇನೆ.

‘ಕೋಯನಾ’ ಅಂದರೆ ಕೃಷ್ಣೆಗೆ ನೀರು ಬಿಡುವ ಮಹಾರಾಷ್ಟ್ರದ ಕೊಯ್ನಾ. ‘ಧರಣ’ ಅಂದರೆ ಅಣೆಕಟ್ಟು, ನಮ್ಮ ಧರಣಿ ಅಲ್ಲ. ‘ವಿಸರ್ಗ’ ಹೊರಬಿಟ್ಟ ನೀರು, ‘ಪಾಣೀಸಾಠಾ’ ಒಳಗೆ ನಿಂತ ನೀರು. ಇವೆರಡು ಅದಲುಬದಲಾದರೆ ‘ಕೊಯ್ನಾದಾಗ 100 ಟಿಎಂಸಿ ಐತಿ’ ಅನ್ನುವುದು ‘100 ಟಿಎಂಸಿ ಬಿಟ್ಟಾರ’ ಆಗಿಬಿಡುತ್ತದೆ. ಕೊಯ್ನಾದ ಒಟ್ಟು ಸಾಮರ್ಥ್ಯವೇ 105.25 ಟಿಎಂಸಿ. ಒಂದು ಟಿಎಂಸಿ, ಅಂದರೆ ನೂರು ಕೋಟಿ ಘನ ಅಡಿ, ಒಂದು ದಿನದಲ್ಲಿ ಹರಿಯಬೇಕಾದರೆ 24 ತಾಸೂ ಸುಮಾರು 11,574 ಕ್ಯುಸೆಕ್ (ಸೆಕೆಂಡಿಗೆ ಅಷ್ಟು ಘನ ಅಡಿ) ಬಿಡಬೇಕು. ನೂರು ಟಿಎಂಸಿಗೆ ಹನ್ನೊಂದೂವರೆ ಲಕ್ಷ ಮೀರುತ್ತದೆ. ಈ ಗುಣಾಕಾರ ಮಾಡಿದರೆ ಸಂದೇಶ ಅಲ್ಲಿಗೇ ಬಿದ್ದುಹೋಗುತ್ತದೆ.

ಎಲ್ಲಕ್ಕಿಂತ ಹೆಚ್ಚು ಮೋಸ ಮಾಡುವ ಪದ ‘ಕಾಲ್’. ಮರಾಠಿಯಲ್ಲಿ ಅದು ನಿನ್ನೆ. ಹಿಂದಿಯ ‘ಕಲ್’ ನಿನ್ನೆಯೂ ಹೌದು, ನಾಳೆಯೂ ಹೌದು. ಹಿಂದಿ ಮಾತ್ರ ಬಲ್ಲವರು ಮರಾಠಿ ಸುದ್ದಿ ಓದಿದಾಗ ನಿನ್ನೆ ಬಿಟ್ಟ ನೀರು ನಾಳೆಯ ಪ್ರವಾಹವಾಗುತ್ತದೆ. ‘ಪರ್ವಾ’ ಇನ್ನೂ ಕಷ್ಟ, ಮರಾಠಿಯಲ್ಲೇ ಅದಕ್ಕೆ ಮೊನ್ನೆ, ನಾಡಿದ್ದು ಎರಡೂ ಅರ್ಥ. ಆಗ ಕ್ರಿಯಾಪದ ನೋಡಬೇಕು: ‘ಸೋಡಲೇ’ ಇದ್ದರೆ ಬಿಟ್ಟಾಗಿದೆ, ‘ಸೋಡಣಾರ’ ಇದ್ದರೆ ಬಿಡಲಿದ್ದಾರೆ. ಇನ್ನೊಂದು, ‘ಪಾಯಥಾ ವಿದ್ಯುತ್‌ಗೃಹ’ದಿಂದ 2,100 ಕ್ಯುಸೆಕ್ ಎಂದಿದ್ದರೆ ಅದು ಅಣೆಕಟ್ಟಿನ ಬುಡದ ವಿದ್ಯುತ್ ಘಟಕದ ನೀರು. ಗೇಟ್ ತೆರೆದಿದ್ದರೆ ‘ವಕ್ರ ದರವಾಜೆ’ ಎಂಬ ಮಾತು ಇರುತ್ತದೆ.

ಹೆಸರುಗಳೂ ಕೈಕೊಡುತ್ತವೆ. 39 ಅಡಿ ಎಚ್ಚರಿಕೆ, 43 ಅಡಿ ಅಪಾಯ ಎಂಬ ಅಳತೆ ಕೊಲ್ಹಾಪುರದ ರಾಜಾರಾಮ ಬಂಧಾರೆ ಎಂಬ ಒಡ್ಡಿನದು, ಅಂದರೆ ಪಂಚಗಂಗಾ ನದಿಯದು. ನಮಗೆ ಬೇಕಾದದ್ದು ಕೃಷ್ಣೆಯ ಮೇಲಿನ ರಾಜಾಪುರ ಬ್ಯಾರೇಜ್. ಅಲ್ಲಿನ ಕ್ಯುಸೆಕ್‌ಗೆ ದೂಧಗಂಗಾ ನದಿಯದನ್ನು ಕೂಡಿಸಿದರೆ ಚಿಕ್ಕೋಡಿ ತಾಲ್ಲೂಕಿನ ಕಲ್ಲೋಳದಲ್ಲಿ ಕೃಷ್ಣೆಯ ಹರಿವು ಸಿಗುತ್ತದೆ. ಸಂದೇಶದಲ್ಲಿ ಮೂರೂ ಅಂಕಿಗಳಿದ್ದರೆ ಕೂಡಿಸಿ ನೋಡುತ್ತೇನೆ. ತಾಳೆಯಾಗದಿದ್ದರೆ ಮುಂದೆ ಕಳಿಸುವುದಿಲ್ಲ.

ವಿಡಿಯೊದಲ್ಲಿ ಗೇಟ್ ಎಣಿಸಿ ನಂಬುವಂತಿಲ್ಲ. ಆಲಮಟ್ಟಿಗೆ 26 ಗೇಟ್, ನಾಗಾರ್ಜುನಸಾಗರಕ್ಕೂ 26. ಅದಕ್ಕೇ ಇಯರ್‌ಫೋನ್ ಹಾಕಿ ಹಿಂದಿನ ಮಾತು ಕೇಳುತ್ತೇನೆ. ‘ನೀಳ್ಳು’ ಎಂದು ಕಿವಿಗೆ ಬಿದ್ದರೆ ತೆಲುಗು ಸೀಮೆಯ ಅನುಮಾನ. ಆಮೇಲೆ ಫಲಕದ ಅಕ್ಷರ ಹಿಗ್ಗಿಸಿ ನೋಡಿದರೆ, ತೆಲುಗಿನ ತಲೆಕಟ್ಟು ಸರಿ ಗುರುತಿನಂತೆ ಮೇಲಕ್ಕೆ ಚಿಮ್ಮಿರುತ್ತದೆ. ಗಾಡಿ ನಂಬರೂ ಸಹಾಯಕ್ಕೆ ಬರುತ್ತದೆ: ಎಂಎಚ್ 09 ಕೊಲ್ಹಾಪುರ, ಎಂಎಚ್ 10 ಸಾಂಗಲಿ, ಕೆಎ 23 ಚಿಕ್ಕೋಡಿ.

ಧ್ವನಿ ಸಂದೇಶದಲ್ಲಿ ಅಥಣಿಯ ರೈತ ಎಂದು ಹೇಳಿಕೊಂಡವ ‘ನೀರ್ ಬಿಟ್ಟವ್ರೆ’ ಅಂದರೆ ಕಿವಿ ನಿಮಿರುತ್ತದೆ, ನಮ್ಮಲ್ಲಿ ‘ಬಿಟ್ಟಾರ’. ಆದರೆ ಇದಿಷ್ಟರಿಂದಲೇ ಸುಳ್ಳೆಂದು ತೀರ್ಮಾನಿಸಬಾರದು. ಮೈಸೂರು ಸೀಮೆಯಿಂದ ನೌಕರಿಗೆ ಬಂದವರು ಇಲ್ಲಿ ಬೇಕಾದಷ್ಟಿದ್ದಾರೆ.

ತಿದ್ದುಪಡಿ ಮೂರು ಸಾಲು ಮೀರಬಾರದು, ಸಂದೇಶ ಬಂದ ಭಾಷೆಯಲ್ಲೇ ಇರಬೇಕು. ಮರಾಠಿ ಗುಂಪಿಗೆ ಕನ್ನಡದಲ್ಲಿ ತಿದ್ದುಪಡಿ ಹಾಕಿದರೆ ಗಡಿ ಜಗಳ ಶುರುವಾಗಿ ನೀರು ಮರೆತೇಹೋಗುತ್ತದೆ. ಸುಳ್ಳು ವಿಡಿಯೊವನ್ನು ಮತ್ತೆ ಅಂಟಿಸುವುದಿಲ್ಲ. ಮೊದಲ ಸಾಲಿನಲ್ಲೇ ನಿಜವಾದ ಅಂಕಿ, ಜೊತೆಗೆ ತಾರೀಖು ಮತ್ತು ತಾಸು. ಅವನ್ನು ಬರೆಯದಿದ್ದರೆ ಮೂರು ದಿನ ಬಿಟ್ಟು ನಮ್ಮದೇ ಸಂದೇಶ ಹೊಸ ಸುದ್ದಿಯಾಗಿ ನಮಗೇ ತಿರುಗಿ ಬರುತ್ತದೆ.