ವಿನೆಗರ್ ಅಂತ ನಕ್ಕಿದ್ದರು

'ಪ್ಯಾಪ್ ಸ್ಮಿಯರ್ ಬಿಟ್ಟು ಅಡುಗೆ ವಿನೆಗರ್ ಹಚ್ತೀರಾ ಮೇಡಂ?' ಎಂದು ತಿಂಗಳ ಮೀಟಿಂಗಿನಲ್ಲೇ ನಕ್ಕಿದ್ದರು. ಗರ್ಭಕೊರಳಿನ ಕ್ಯಾನ್ಸರನ್ನು ಮೊದಲೇ ಹಿಡಿಯಲು ಪ್ಯಾಪ್ ಸ್ಮಿಯರಿನಲ್ಲಿ ಕೊರಳಿನ ಜೀವಕೋಶ ತೆಗೆದು ಲ್ಯಾಬಿಗೆ ಕಳಿಸುತ್ತಾರೆ. ನಾನು ಹೇಳಿದ್ದು ವಿಐಎ, ಅಂದರೆ ವಿನೆಗರಿನಲ್ಲಿರುವ ಅಸಿಟಿಕ್ ಆಸಿಡ್ ಹಚ್ಚಿ, ಬಿಳಿಯಾಗುವ ಜಾಗವನ್ನು ಬರಿಗಣ್ಣಲ್ಲೇ ನೋಡುವುದು. ಮುಂಬೈ ಟಾಟಾ ಮೆಮೋರಿಯಲ್‌ನವರ ಒಂದೂವರೆ ಲಕ್ಷ ಹೆಂಗಸರ ಅಧ್ಯಯನದಲ್ಲಿ ವಿಐಎಯಿಂದಲೇ ಈ ಕ್ಯಾನ್ಸರಿನ ಸಾವು 31% ಇಳಿದಿದೆ, ಅದೂ ಹತ್ತನೇ ಕ್ಲಾಸು ಓದಿದ ಕಾರ್ಯಕರ್ತೆಯರ ಕೈಯಲ್ಲಿ ಎಂದರೂ ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಈಗ ನಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರದ (ಪಿಎಚ್‌ಸಿ) ವ್ಯಾಪ್ತಿಯಲ್ಲಿ ಮೂವತ್ತು ದಾಟಿದ ಅರ್ಧಕ್ಕಿಂತ ಜಾಸ್ತಿ ಹೆಂಗಸರನ್ನು ನೋಡಿ ಆಗಿದೆ. ನಕ್ಕವರೇ ಫೋನ್ ಮಾಡಿ ಕೇಳುತ್ತಿದ್ದಾರೆ.

ಗ್ಲೇಷಿಯಲ್ ಅಸಿಟಿಕ್ ಆಸಿಡ್ ಅರ್ಧ ಲೀಟರಿಗೆ ನಾನೂರೋ ಐನೂರೋ. 5 ಎಂಎಲ್‌ಗೆ 95 ಎಂಎಲ್ ನೀರು, ದಿನಾ ಹೊಸದು. ಹತ್ತಿ, ಗ್ಲೌಸ್ ಸೇರಿ ತಲೆಗೆ ಮೂವತ್ತು ರೂಪಾಯಿ ದಾಟಲಿಲ್ಲ. ದುಡ್ಡು ತಿಂದದ್ದು ಸ್ಪೆಕ್ಯುಲಮ್, ಅಂದರೆ ಯೋನಿ ಅಗಲಿಸಿ ಒಳಗೆ ನೋಡುವ ಸಾಧನ. ಒಂದು ಡಜನ್ ಇಟ್ಟುಕೊಂಡರೆ ಆಟೋಕ್ಲೇವ್ (ಹಬೆಯಲ್ಲಿ ಕ್ರಿಮಿ ಕೊಲ್ಲುವುದು) ಮುಗಿಯುವಷ್ಟರಲ್ಲಿ ಕಾದವರು ಎದ್ದು ಹೋಗುತ್ತಾರೆ. ಮೂವತ್ತಾದರೂ ಬೇಕು. ಹಳದಿ ಬಲ್ಬಂತೂ ಬೇಡವೇ ಬೇಡ, ಇನ್ವರ್ಟರ್‌ಗೆ ಹಾಕಿದ ಬಿಳಿ ಎಲ್‌ಇಡಿ ಇರಲಿ.

ಆಸಿಡ್ ಹಚ್ಚಿ ಪೂರ್ತಿ ಒಂದು ನಿಮಿಷ, ಗಡಿಯಾರ ನೋಡಿಯೇ ಕಾಯಬೇಕು. ಎಸ್‌ಸಿಜೆಗೆ (ಗರ್ಭಕೊರಳಿನ ಹೊರ ಪದರವೂ ಒಳ ಪದರವೂ ಕೂಡುವ ಗೆರೆ) ಅಂಟಿಕೊಂಡ, ಅಂಚು ಸ್ಪಷ್ಟವಾಗಿರುವ ದಟ್ಟ ಬಿಳಿಯಷ್ಟೇ ಲೆಕ್ಕಕ್ಕೆ. ಸಿಕ್ಕ ಚುಕ್ಕೆಗೆಲ್ಲ ಪಾಸಿಟಿವ್ ಬರೆದರೆ ಊರೆಲ್ಲ ಪಾಸಿಟಿವ್.

ಮೊದಲ ಕ್ಯಾಂಪು ಮಕಾಡೆ ಮಲಗಿತು. ಹತ್ತಿ ಬಿಡಿಸುವ ಕಾಲ, ಕೂಲಿ ಬಿಟ್ಟು ಯಾರು ಬರುತ್ತಾರೆ? ಅದಕ್ಕಿಂತ ದೊಡ್ಡ ಪೆಟ್ಟು ಆಮೇಲೆ ಬಿತ್ತು. ಪಾಸಿಟಿವ್ ಬಂದವರನ್ನು ದೊಡ್ಡಾಸ್ಪತ್ರೆಗೆ ಬರೆದುಕೊಟ್ಟೆವು. ಬಸ್ಸು, ಊಟ, ಜೊತೆಗೊಬ್ಬರು, ಇಬ್ಬರ ಕೂಲಿ ಎಂದರೆ ಸಾವಿರದ ಹತ್ತಿರ. ಹೋದವರಿಗೂ 'ನಾಳೆ ಬಾ'. ಮುಕ್ಕಾಲು ಪಾಲು ಮಂದಿ ಹೋಗಲೇ ಇಲ್ಲ. ಚಿಕಿತ್ಸೆ ಆಗದಿದ್ದರೆ ಸುಮ್ನೆ ನೋಡಿ ಏನು ಬಂತು, ಅಲ್ವಾ?

ಹಾಗಾಗಿ ಇಲ್ಲೇ ಚಿಕಿತ್ಸೆ ಕೊಡೋಣವೆಂದು ಕ್ರಯೋ, ಅಂದರೆ ಕೆಟ್ಟ ಜಾಗವನ್ನು ಗ್ಯಾಸಿನಿಂದ ಹೆಪ್ಪುಗಟ್ಟಿಸಿ ಸಾಯಿಸುವ ಯಂತ್ರ ತಂದೆವು. ಗ್ಯಾಸ್ ಸಿಲಿಂಡರ್ ತರಿಸುವ ಟೆಂಪೋ ಬಾಡಿಗೆಯೇ ನಮ್ಮನ್ನು ಮುಳುಗಿಸಿತು. ಕೊನೆಗೆ ದಾನಿಗಳನ್ನು ಕಾಡಿ, ಕೈಯಲ್ಲಿ ಹಿಡಿಯುವ, ಬಿಸಿಯಿಂದ ಸುಡುವ ಥರ್ಮಲ್ ಅಬ್ಲೇಷನ್ ಯಂತ್ರ ತರಿಸಿದೆ. ಬಿಳಿ ಪೂರ್ತಿ ಕಾಣುವಂತಿದ್ದು ಗರ್ಭಕೊರಳಿನ ಒಳದಾರಿಗೆ ಹೋಗಿಲ್ಲದಿದ್ದರೆ ಅದೇ ದಿನ, ಅದೇ ಟೇಬಲ್ ಮೇಲೆ ಕೆಲಸ ಮುಗಿಯುತ್ತದೆ. ಕ್ಯಾನ್ಸರಿನ ಅನುಮಾನ ಬಂದರೆ ಯಂತ್ರ ಮುಟ್ಟಿಸುವುದಿಲ್ಲ, ಬಯಾಪ್ಸಿಗೆ ನಮ್ಮ ಗಾಡಿಯಲ್ಲೇ ಕಳಿಸುತ್ತೇವೆ.

ಮಧ್ಯೆ ಆಸಿಡ್ ಥರವೇ ಕೆಟ್ಟ ಜಾಗ ತೋರಿಸುವ ಲುಗಾಲ್ ಅಯೋಡಿನ್ನೂ ಹಚ್ಚಿ ನೋಡಿದೆ. ಬಣ್ಣ ಚೆನ್ನಾಗಿ ಹಿಡಿಯುತ್ತದೆ, ಬಟ್ಟೆಗೂ ಹಿಡಿಯುತ್ತದೆ. 'ಹೊಸ ಲಂಗ ಕೆಡಿಸಿದ್ರಲ್ರೀ ಮೇಡಮ್ಮಾರ' ಎಂದು ಒಬ್ಬಾಕೆ ಗದರಿದ ಮೇಲೆ ಬಾಟ್ಲಿ ಕಪಾಟು ಸೇರಿತು.

ಅತ್ತೆಯಂದಿರನ್ನು ಒಪ್ಪಿಸಲು ನಮ್ಮ ಆಶಾ ಅಕ್ಕನ ಹತ್ತಿರ ಒಂದು ಮಾತಿದೆ. ಅದನ್ನಿಲ್ಲಿ ಬರೆಯುವುದಿಲ್ಲ, ಬಂದರೆ ಚಹಾ ಕುಡಿಯುತ್ತಾ ಹೇಳುತ್ತೇನೆ.

ಮುಟ್ಟು ನಿಂತವರಲ್ಲಿ ಎಸ್‌ಸಿಜೆ ಒಳಗೆ ಸರಿದಿರುತ್ತದೆ, ವಿಐಎ ನಂಬುವಂತಿಲ್ಲ. ಅವರೇ ಸ್ವ್ಯಾಬ್ ತೆಗೆದುಕೊಡುವ ಎಚ್‌ಪಿವಿ (ಈ ಕ್ಯಾನ್ಸರ್ ತರುವ ವೈರಸ್) ಟೆಸ್ಟ್ ಶುರು ಮಾಡಿದ್ದೇನೆ. ಅದೊಂದರ ದುಡ್ಡಿನಲ್ಲಿ ಇಲ್ಲಿ ವಿಐಎ ಮಾಡಿ ಮೂವತ್ತು ಮಂದಿಯನ್ನು ನೋಡಬಹುದು, ಹಾಗಾಗಿ ಸದ್ಯಕ್ಕೆ ಒಂದೇ ಊರಿನಲ್ಲಿ.